ಮೂರನೇ ಪೆಟ್ಟಿಗೆಯ ಹಳದಿ ಬಾವುಟ

ಏಪ್ರಿಲ್ ಬಂದದ್ದು ವಿವಿನಾಳ ಸೊಂಟಕ್ಕೆ ಮೊದಲು ಗೊತ್ತಾಗುತ್ತಿತ್ತು, ಚೆರ್ರಿ ಮರಗಳಿಗೆ ಆಮೇಲೆ. ಆ ಶನಿವಾರವೂ ಹಾಗೇ ಆಯಿತು. ಬೆಳಿಗ್ಗೆಯಿಂದ ಮಂಡಿಯೂರಿ ಈರುಳ್ಳಿ ಸಸಿ ನೆಟ್ಟುಕೊಂಡು ಬಂದವಳು ಸಾಲಿನ ಕೊನೆ ಮುಟ್ಟಿ ಏಳಲು ಹೋದರೆ, ಮೈ ಮೇಲೇಳಲೇ ಇಲ್ಲ. ಪಕ್ಕದ ಸಾಲಿನಿಂದ ಬಾವೊ ಬಂದು ಕೈಕೊಟ್ಟ.

"ನಿಮ್ಮ ಕೀಲಿಗೆಲ್ಲ ಎಣ್ಣೆ ಬಿಡ್ಬೇಕು, ವಿವಿನಾ."

"ನಿನ್ನ ಬಾಯಿಗೆ ಬೀಗ ಹಾಕ್ಬೇಕು."

ಲ್ಯೂವೆನ್ ಪಟ್ಟಣದ ಹೊರಗಿನ ಆ ಹೊಲದಲ್ಲಿ ಉಳುವವನು ಬಾವೊ, ಉಣ್ಣುವವರು ಪಟ್ಟಣದ ಇನ್ನೂರು ಮನೆಯವರು. ವರ್ಷದ ಪಾಲಿನ ಹಣ ಮೊದಲೇ ಕೊಟ್ಟಿರುತ್ತಿದ್ದರು. ಆಮೇಲೆ ಬೇಕೆನಿಸಿದಾಗ ಬುಟ್ಟಿ ಹಿಡಿದು ಬಂದು, ತಾವೇ ಕೊಯ್ದುಕೊಂಡು ಹೋಗುವುದು. ಕಾವಲಿಲ್ಲ, ತಕ್ಕಡಿಯಿಲ್ಲ. ಮಡಿಯ ತುದಿಗೆ ಹಳದಿ ಬಾವುಟ ಸಿಕ್ಕಿಸಿದ್ದರೆ ಕೊಯ್ಯಬಹುದು, ಇಲ್ಲದಿದ್ದರೆ ಮುಟ್ಟಬಾರದು. ಕಾನೂನು ಅಂತ ಇದ್ದದ್ದು ಅಷ್ಟೇ.

ಬೇಲಿಯ ಬದಿಗಿದ್ದ ಮೂರು ಜೇನುಪೆಟ್ಟಿಗೆಗಳು ಮಾತ್ರ ವಿವಿನಾಳ ಜವಾಬ್ದಾರಿ. ಜೇನು ಎಲ್ಲರಿಗೂ ಬೇಕು, ನೊಣ ಯಾರಿಗೂ ಬೇಡ. ಹಾಗಾಗಿ ವರ್ಷಾನುಗಟ್ಟಲೆ ಅವಳೊಬ್ಬಳೇ ನೋಡಿಕೊಂಡು ಬಂದಿದ್ದಳು. ಈ ವಸಂತಕ್ಕೆ ಎರಡು ಪೆಟ್ಟಿಗೆ ತುಂಬಿ ಗುಂಯ್‌ಗುಡುತ್ತಿದ್ದವು. ಮೂರನೆಯದರಲ್ಲಿ ಹಿಡಿಯಷ್ಟು ನೊಣ. ಅದರ ರಾಣಿಗೆ ವಯಸ್ಸಾಗಿತ್ತು. ಇಲ್ಲೊಂದು ಅಲ್ಲೊಂದು ಮೊಟ್ಟೆ ಇಡುತ್ತಿದ್ದಳು. ಅಂಥ ಪೆಟ್ಟಿಗೆಯನ್ನು ಹಾಗೇ ಬಿಟ್ಟರೆ ನೊಣಗಳಿಗೆ ಉಳಿಗಾಲವಿಲ್ಲ. ಉಳಿಸಬೇಕಾದರೆ ರಾಣಿಯನ್ನು ಕೊಂದು, ನೊಣಗಳನ್ನು ಪಕ್ಕದ ಪೆಟ್ಟಿಗೆಯ ಸಂಸಾರದೊಳಕ್ಕೆ ಸೇರಿಸಬೇಕು.

"ಯಾವತ್ತು ಸೇರಿಸ್ತೀರಿ?" ಎಂದು ಬಾವೊ ಮತ್ತೆ ಕೇಳಿದ.

"ಮುಂದಿನ ವಾರ."

"ಹೋದ ವಾರಾನೂ ಮುಂದಿನ ವಾರ ಅಂದ್ರಿ."

ಹಿಂದೆಲ್ಲ ಎಷ್ಟೋ ರಾಣಿಗಳನ್ನು ಹಿಂದುಮುಂದು ನೋಡದೆ ತೆಗೆದವಳೇ ವಿವಿನಾ. ಈ ಸಲ ಕೈ ಬರುತ್ತಿರಲಿಲ್ಲ. ಇದು ಕರುಣೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಅಲ್ಲ, ಬರೀ ಸುಸ್ತು. ಆ ಪೆಟ್ಟಿಗೆ ಎತ್ತಬೇಕು, ಬಗ್ಗಬೇಕು, ಹುಡುಕಬೇಕು, ಕೊಲ್ಲಬೇಕು. ನೆನೆಸಿಕೊಂಡರೇ ಮಲಗಬೇಕು ಅನ್ನಿಸುತ್ತಿತ್ತು.

ಮಧ್ಯಾಹ್ನ ನೆಡಲು ಬಂದಿದ್ದ ಪಾಲುದಾರರೆಲ್ಲ ಕೊಟ್ಟಿಗೆಯ ಮುಂದೆ ಕೂತು ಸೂಪು, ಬ್ರೆಡ್ಡು ತಿನ್ನುತ್ತಿದ್ದಾಗ ಬೇಲಿಯ ಕಡೆಯಿಂದ ಕಿರುಚಿದ್ದು ಕೇಳಿಸಿತು. ಫೀನ್ ಓಡಿ ಬರುತ್ತಿದ್ದಳು. ಪಟ್ಟಣದಲ್ಲಿ ಬಸ್ ಓಡಿಸುವ ಹೆಂಗಸು, ಹೋದ ವರ್ಷವಷ್ಟೇ ಪಾಲು ತೆಗೆದುಕೊಂಡವಳು. ಒಂದು ಕೈಯಲ್ಲಿ ಖಾಲಿ ಬಾಟಲಿ, ಇನ್ನೊಂದು ಕೈ ಆಗಲೇ ಊದಿಕೊಂಡಿತ್ತು.

"ಬಾವುಟ ಇತ್ತು!" ಎಂದಳು ಏದುಸಿರು ಬಿಡುತ್ತ. "ಹಳದಿ ಬಾವುಟ! ಅದಕ್ಕೇ ನಾನು ಒಂಚೂರು ಜೇನು ತಗೊಳ್ಳೋಣ ಅಂತ..."

ವಿವಿನಾಳ ಕೈಯಿಂದ ಚಮಚ ಜಾರಿತು. ಬಾವುಟ ಸಿಕ್ಕಿಸಿದವಳು ಅವಳೇ. ಮೂರನೆಯದನ್ನು ಖಾಲಿ ಮಾಡಬೇಕು ಅನ್ನುವುದು ಮರೆಯದಿರಲಿ ಎಂದು, ಜೇಬಿನಲ್ಲಿ ಸಿಕ್ಕಿದ್ದನ್ನು ಹೋದ ವಾರ ಪೆಟ್ಟಿಗೆಯ ಸಂದಿಗೆ ಚುಚ್ಚಿದ್ದಳು. ಚುಚ್ಚಿದ್ದನ್ನೇ ಮರೆತಿದ್ದಳು.

"ಮುಚ್ಚಳ ಹಾಕಿ ಬಂದ್ಯಾ?"

ಫೀನ್ ನೆಲ ನೋಡಿದಳು.

"ಬಸ್ಸಿನ ಬಾಗಿಲಾದ್ರೆ ನಮ್ಮ ಮೂಗಿಗೇ ಬಡಿಯೋ ಹಂಗೆ ಹಾಕ್ತಾಳೆ," ಎಂದು ಯಾರೋ ಗೊಣಗಿದರು.

ವಿವಿನಾ ಆಗಲೇ ಎದ್ದು ನಡೆದಿದ್ದಳು. ಓಡಲು ಮೈ ಕೇಳುತ್ತಿರಲಿಲ್ಲ. ಮೂರನೇ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಮುರಿದ ಮೇಣದ ಎರಿಯಿಂದ ಜೇನು ಸೋರಿ ಮರದ ಮೇಲೆಲ್ಲ ಹರಿದಿತ್ತು. ವಾಸನೆ ಹಿಡಿದು ಪಕ್ಕದ ಪೆಟ್ಟಿಗೆಗಳ ನೊಣಗಳು ದಂಡು ಕಟ್ಟಿ ಬಂದು ದೋಚುತ್ತಿದ್ದವು. ಆ ಪೆಟ್ಟಿಗೆಯ ನೊಣಗಳು ಅಡ್ಡ ಬಿದ್ದು, ಒಂದಕ್ಕೆ ನಾಲ್ಕರಂತೆ ಹೊಡೆತ ತಿಂದು, ಹುಲ್ಲಿನ ಮೇಲೆ ಉದುರುತ್ತಿದ್ದವು.

ಮುಚ್ಚಳ ಎಳೆದು ಹಾಕಿದಳು. ಪೆಟ್ಟಿಗೆಯ ಬಾಗಿಲಿಗೆ ಹುಲ್ಲು ತುರುಕಿ, ಒಂದು ನೊಣ ನುಸುಳುವಷ್ಟೇ ಸಂದಿ ಬಿಟ್ಟಳು. "ಬಾವೊ! ಒಂದು ದೊಡ್ಡ ಬಟ್ಟೆ ನೆನೆಸ್ಕೊಂಡು ಬಾ!" ಒದ್ದೆ ಬಟ್ಟೆ ಮುಚ್ಚಿದ ಮೇಲೆ ದಾಳಿ ನಿಧಾನಕ್ಕೆ ಇಳಿಯಿತು. ಅವಳು ಸಸಿಯ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದಳು.

ಬೈಯಬೇಕೆಂದು ಬಾಯಿ ತೆರೆದರೆ, ಬೈಗುಳ ಸುತ್ತಿ ಬಂದು ತನ್ನ ಮೇಲೇ ಕೂರುವಂತಿತ್ತು. ಬಾವುಟ ಕಂಡರೆ ಕೊಯ್ಯಿರಿ ಎಂದು ಇವರಿಗೆ ಕಲಿಸಿದವರು ಯಾರು? ಫೀನ್ ತಪ್ಪು ಮಾಡಿದ್ದು ಮುಚ್ಚಳದ ವಿಷಯದಲ್ಲಿ ಮಾತ್ರ.

"ನಾನೇನು ಮಾಡ್ಲಿ?" ಎಂದಳು ಫೀನ್, ಕಣ್ಣಲ್ಲಿ ನೀರು ತುಂಬಿಕೊಂಡು.

"ಅತ್ರೆ ನೊಣ ಬದುಕಲ್ಲ. ಇವತ್ತೇ ಸೇರಿಸ್ಬೇಕು, ನಾಳೆ ಬಿಸಿಲು ಬಂದ್ರೆ ಮತ್ತೆ ದೋಚ್ತಾವೆ. ನಂಗೆ ಎತ್ತೋಕಾಗಲ್ಲ. ಸಂಜೆ ಇರ್ತೀಯಾ?"

"ಇರ್ತೀನಿ."

ಹೊತ್ತು ಇಳಿದು ನೊಣಗಳು ಒಳಸೇರಿದ ಮೇಲೆ ಇಬ್ಬರೂ ಬಲೆಯ ಟೋಪಿ ಹಾಕಿಕೊಂಡು ನಿಂತರು. ಫೀನ್ ಎರಿ ಕಟ್ಟಿದ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ಹಿಡಿದಳು. ಊದಿದ ಕೈಯಲ್ಲೂ ಎರಿ ಅಲುಗಾಡಲಿಲ್ಲ. ಕೊನೆಗೆ ರಾಣಿ ಕಂಡಳು. ಗುರುತಿಗೆಂದು ಬೆನ್ನಿಗೆ ಹಚ್ಚಿದ್ದ ಬಣ್ಣದ ಚುಕ್ಕೆ ಅರ್ಧ ಅಳಿಸಿತ್ತು, ರೆಕ್ಕೆಯ ಅಂಚು ಹರಿದಿತ್ತು. ಸುತ್ತ ನಾಲ್ಕಾರು ನೊಣಗಳು ಅವಳಿಗೆ ದಾರಿ ಬಿಡುತ್ತ ನಡೆಯುತ್ತಿದ್ದವು.

"ಇವಳನ್ನ ಬೇರೆ ಕಡೆ ಇಡೋಕಾಗಲ್ವಾ?"

"ಎಲ್ಲಿಡ್ತೀಯ? ನಿನ್ನ ಬಸ್ಸಲ್ಲಾ?"

"ಸುಮ್ನೆ ಕೇಳ್ದೆ."

"ನಾನೂ ಹಾಗೇ ಸುಮ್ನೆ ಕೇಳ್ಕೊಂಡು ಕೂತಿದ್ದೆ," ಎಂದಳು ವಿವಿನಾ. "ಅದಕ್ಕೇ ನೋಡು, ಹುಲ್ಲಿನ ತುಂಬ ಸತ್ತು ಬಿದ್ದಾವೆ."

ರಾಣಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿದಳು. ಸದ್ದೇನೂ ಆಗಲಿಲ್ಲ. ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು.

ಆಮೇಲೆ ಎರಡನೇ ಪೆಟ್ಟಿಗೆಯ ಮುಚ್ಚಳ ತೆಗೆದು ಹಳೇ ಪತ್ರಿಕೆಯ ಒಂದು ಹಾಳೆ ಹಾಸಿದಳು, ಸೂಜಿಯಿಂದ ಅಲ್ಲಲ್ಲಿ ಚುಚ್ಚಿದಳು. ಅದರ ಮೇಲೆ ತಳ ಕಳಚಿದ ಮೂರನೇ ಪೆಟ್ಟಿಗೆಯನ್ನು ಫೀನ್ ಎತ್ತಿ ಕೂರಿಸಿದಳು.

"ಕಾಗದ ಯಾಕೆ?"

"ನೇರ ಸೇರಿಸಿದ್ರೆ ಕಚ್ಚಾಡಿ ಸಾಯ್ತಾವೆ. ಎರಡೂ ಕಡೆಯಿಂದ ಕಾಗದ ಕಡ್ಕೊಂಡು ಕಡ್ಕೊಂಡು ಬರೋ ಹೊತ್ತಿಗೆ ವಾಸನೆ ಒಂದಾಗಿರ್ತದೆ. ಕಡಿದ ಚೂರು ಬಾಗಿಲಲ್ಲಿ ಬಿದ್ರೆ ಒಪ್ಕೊಂಡ್ವು ಅಂತ. ಬೀಳದಿದ್ರೆ ಒಳಗೇ ಜಗಳ ಅಂತ."

"ನಾನು ದಿನಾ ಡ್ಯೂಟಿಗೆ ಮುಂಚೆ ಬಂದು ನೋಡ್ತೀನಿ."

"ನೋಡು. ಸೆಂಟು ಹಾಕ್ಕೊಂಡು ಬರ್ಬೇಡ, ನೊಣಕ್ಕೆ ಆಗಲ್ಲ."

ವಿವಿನಾ ಬಾವುಟವನ್ನು ಕಿತ್ತು, ಹೋಗುವ ದಾರಿಯಲ್ಲಿ ಮೂಲಂಗಿ ಮಡಿಗೆ ಚುಚ್ಚಿದಳು.

ಮಂಗಳವಾರ ಬೆಳಿಗ್ಗೆ ವಿವಿನಾ ಮಂಚದ ಅಂಚಿಗೆ ಕೂತು ಕಾಲ್ಚೀಲ ಕೈಯಲ್ಲಿ ಹಿಡಿದಿದ್ದಳು. ಬಗ್ಗಿ ಹಾಕಿಕೊಳ್ಳಲು ಧೈರ್ಯ ಸಾಲದೆ ಹಾಗೇ ಕೂತಿದ್ದಾಗ ಫೋನು ಬಡಿದುಕೊಂಡಿತು.

"ವಿವಿನಾ, ಬಾಗಿಲ ತುಂಬ ಕಾಗದದ ಪುಡಿ! ಒಂದು ನೊಣ ಈಗಲೂ ಒಂದು ಚೂರು ಎಳ್ಕೊಂಡು ಬಂದು ಹೊರಗೆ ಬಿಸಾಕ್ತಾ ಇದೆ."

"ಜಗಳ ಇದೆಯಾ? ಸತ್ತಿರೋವು?"

"ಒಂದೂ ಇಲ್ಲ."

ವಿವಿನಾ ಕಣ್ಣು ಮುಚ್ಚಿಕೊಂಡಳು. "ಮುಚ್ಚಳ ತೆಗೆದ್ಯಾ?"

"ಅಯ್ಯೋ, ಮುಟ್ಟೂ ಇಲ್ಲ. ನೀವು ಈಗ ಬರ್ತೀರಾ? ಬಾವೊ ಲೆಟಿಸ್ ನೆಡೋಕೆ ಶುರು ಮಾಡ್ತಾ ಇದಾನೆ."

"ನೆಡ್ಲಿ," ಎಂದಳು. "ಕೇಳಿದ್ರೆ ನಾಳೆ ಬರ್ತಾಳೆ ಅನ್ನು. ಜೇನಿಗೆ ಇವತ್ತು ನೀನಿದೀಯಲ್ಲ."

ಕಾಲ್ಚೀಲವನ್ನು ಕುರ್ಚಿಯ ಮೇಲೆ ಬಿಸಾಕಿ, ಕಾಲುಗಳನ್ನು ಒಂದೊಂದಾಗಿ ಮೇಲೆತ್ತಿಕೊಂಡು ಮತ್ತೆ ಕಂಬಳಿ ಎಳೆದುಕೊಂಡಳು.