ಕಾರ್ಡಿನ ಮೂಲೆಗೆ ಅರಿಶಿನ

ಆಷಾಢ ಮುಗಿದರೆ ಶ್ರಾವಣ ಬರಬೇಕು. ಆ ವರ್ಷ ಮಾತ್ರ ಆಷಾಢದ ಬಾಲಕ್ಕೆ ಅಧಿಕ ಮಾಸ ಬಂದು ಅಂಟಿಕೊಂಡಿತ್ತು. ಬನಶಂಕರಿ ಎರಡನೇ ಹಂತದ ‘ಮಂಗಳ ಕಾರ್ಡ್ಸ್’ನ ಗೌರೀಶಂಕರ ಇದನ್ನು ಯುಗಾದಿಯ ದಿನವೇ ಪಂಚಾಂಗದಲ್ಲಿ ನೋಡಿದ್ದ. ನೋಡಿ ಪಂಚಾಂಗ ಮುಚ್ಚಿಟ್ಟಿದ್ದ. ಮುಚ್ಚಿಟ್ಟರೆ ತಿಂಗಳು ಬರದೆ ಇರುತ್ತದೆಯೇ?

ಆಷಾಢದಲ್ಲಿ ಮದುವೆಯಿಲ್ಲ, ಅಧಿಕದಲ್ಲೂ ಇಲ್ಲ. ಮದುವೆಯೇ ಇಲ್ಲದ ಮೇಲೆ ಲಗ್ನಪತ್ರಿಕೆ ಯಾರಿಗೆ ಬೇಕು? ಪಕ್ಕದ ಸೀರೆ ಅಂಗಡಿಯವರು ಆಷಾಢ ಸೇಲ್ ಎಂದು ಬ್ಯಾನರ್ ಕಟ್ಟಿ ಒಳಗೆ ಕಾಲಿಡಲು ಜಾಗವಿಲ್ಲದಂತೆ ಮಾಡಿಕೊಂಡಿದ್ದರು. ಗೌರೀಶಂಕರ ಯಾವ ಬ್ಯಾನರ್ ಕಟ್ಟಬೇಕು? ಎರಡು ಮದುವೆ ಮಾಡಿದರೆ ಮೂರನೆಯದು ಉಚಿತ ಎನ್ನಲಾದೀತೇ? ಕಟ್ಟಡದ ಮಾಲೀಕ ಶಶಿಧರ್ ದಿನಾ ವಾಕಿಂಗ್ ಮುಗಿಸಿ ಅಂಗಡಿಯ ಮುಂದೆ ನಿಂತು ಅಗಲ ಎಷ್ಟು, ಉದ್ದ ಎಷ್ಟು ಎಂದು ಕಣ್ಣಲ್ಲೇ ಅಳೆದು ಹೋಗುತ್ತಿದ್ದರು. “ಮೊಮೊ ಅಂಗಡಿಯೋರು ಕೇಳ್ತಿದಾರೆ ಗೌರೀಶಂಕರ್. ಬಾಡಿಗೆಗೆ ಗೌರಿ ಹಬ್ಬದವರೆಗೂ ನೋಡ್ತೀನಿ,” ಎಂದು ಒಂದು ದಿನ ಬಾಯಿಬಿಟ್ಟು ಹೇಳಿಯೂ ಆಯಿತು.

ಆ ರಾತ್ರಿ ಊಟಕ್ಕೆ ಬಡಿಸುತ್ತಾ ಹೆಂಡತಿ ಮೀನಾಕ್ಷಮ್ಮ ಕೇಳಿದಳು, “ರೀ, ಸಾಯೋರು ಆಷಾಢ ನೋಡ್ತಾರಾ?”

ಗೌರೀಶಂಕರ ಎತ್ತಿದ ತುತ್ತು ತಟ್ಟೆಗೇ ಇಳಿಸಿದ. “ಮಂಗಳ ಕಾರ್ಡ್ಸ್ ಅಂತ ಬೋರ್ಡ್ ಹಾಕ್ಕೊಂಡು ತಿಥಿ ಕಾರ್ಡ್ ಮಾಡ್ಲಾ? ಗೊತ್ತಾದ್ರೆ ಹೆಣ್ಣು ಹೆತ್ತೋರು ಒಬ್ರೂ ಮೆಟ್ಲು ಹತ್ತಲ್ಲ ಕಣೇ.”

“ಗೊತ್ತಾಗ್ದಂಗೆ ಮಾಡಿ.”

ಹಾಗೆ ಶುರುವಾಯಿತು. ಬೋರ್ಡಿಲ್ಲ, ಹೆಸರಿಲ್ಲ, ಮೀನಾಕ್ಷಮ್ಮನ ಫೋನ್ ನಂಬರಿನ ಚೀಟಿ ಮಾತ್ರ ದೇವಸ್ಥಾನದ ಹತ್ತಿರದ ಗ್ರಂಧಿಗೆ ಅಂಗಡಿಯಲ್ಲಿ. ಗೌರೀಶಂಕರ ಶಟರ್ ಅರ್ಧ ಇಳಿಸಿ ಕಾರ್ಡು ಮುದ್ರಿಸುತ್ತಿದ್ದ, ತಾನೇ ಸ್ಕೂಟರಿನಲ್ಲಿ ಹೋಗಿ ಮನೆ ಬಾಗಿಲಿಗೆ ಕೊಟ್ಟು ಬರುತ್ತಿದ್ದ. ವ್ಯಾಪಾರ ಚೆನ್ನಾಗಿ ನಡೆಯಿತು. ಅದು ಚೆನ್ನಾಗಿ ನಡೆಯುತ್ತಿದೆ ಎಂದು ಹೆಂಡತಿಯ ಮುಂದೆ ಹೇಳಲೂ ಅವನಿಗೆ ನಾಚಿಕೆ. ಮದುವೆಯವರು ಕಾರ್ಡಿನ ಗಣಪತಿಗಳನ್ನೆಲ್ಲ ನೋಡಿ, ಸೊಂಡಿಲು ಎಡಕ್ಕೋ ಬಲಕ್ಕೋ ಎಂದು ಜಗಳವಾಡಿ, ನಾಳೆ ಬರ್ತೀವಿ ಎಂದು ಹೋಗುವವರು. ಇವರು ಹಾಗಲ್ಲ. ಹೆಸರು, ದಿನ, ಜಾಗ ಹೇಳಿ ಸುಮ್ಮನಾಗುತ್ತಿದ್ದರು. ಚೌಕಾಸಿಯಿಲ್ಲ. ಸಂಜೆಗೇ ಬೇಕು, ಅಷ್ಟೇ.

ಅಧಿಕ ಮಾಸದ ನಡುವೆ ಜಯನಗರದಿಂದ ವೆಂಕಟಾಚಲ ಎಂಬ ನಿವೃತ್ತರ ಮನೆಯ ಆರ್ಡರ್ ಬಂತು. ಹೆಂಡತಿ ಚೂಡಾಮಣಿ ತೀರಿಕೊಂಡಿದ್ದರು; ವೈಕುಂಠ ಸಮಾರಾಧನೆಯ ಕಾರ್ಡು. ಬಾಗಿಲಿಗೆ ಬಂದು ಚೀಲ ತೆಗೆದುಕೊಂಡವರು ವೆಂಕಟಾಚಲ ಅವರೇ. ಒಳಗೆ ನೋಡಲಿಲ್ಲ, ಏನೂ ಕೇಳಲಿಲ್ಲ. ಗೌರೀಶಂಕರ ಮನೆಗೆ ಬಂದು ಕೈ ತೊಳೆಯಲು ನಿಂತ. ನೀರು ಹಳದಿಯಾಗಿ ಇಳಿಯಿತು.

ಕಾರ್ಡಿನ ಕಟ್ಟು ಕೊಡುವ ಮೊದಲು ನಾಲ್ಕು ಮೂಲೆಗೂ ಅರಿಶಿನ ಸವರುವುದು ಅವರಪ್ಪನ ಕಾಲದಿಂದ ಬಂದ ಪದ್ಧತಿ. ಬುದ್ಧಿ ತಿಥಿಗೆ ಬಂದಿತ್ತು, ಕೈ ಮಾತ್ರ ಮದುವೆಯಲ್ಲೇ ಉಳಿದಿತ್ತು. ಅಷ್ಟೇ ಆಗಿದ್ದರೆ ಸರಿ. ಕಾರ್ಡು ಹಾಕಿಕೊಟ್ಟಿದ್ದು ಅಂಗಡಿಯ ಚೀಲದಲ್ಲಿ. ಅದರ ಮೇಲೆ ಮಂಗಳ ಕಾರ್ಡ್ಸ್, ಬನಶಂಕರಿ ಎಂದು ವಿಳಾಸ. ಕೆಳಗೆ ದಪ್ಪ ಅಕ್ಷರದಲ್ಲಿ, ‘ನಿಮ್ಮ ಮನೆಯ ಮುಂದಿನ ಶುಭಕಾರ್ಯಕ್ಕೂ ನಮ್ಮಲ್ಲಿಗೇ ಬನ್ನಿ’.

“ಫೋನ್ ಮಾಡಿ ತಪ್ಪಾಯ್ತು ಅನ್ನಿ,” ಎಂದಳು ಮೀನಾಕ್ಷಮ್ಮ.

“ಯಾವುದಕ್ಕೆ ಅಂತ ಹೇಳ್ಲಿ? ಅರಿಶಿನಕ್ಕಾ, ಚೀಲಕ್ಕಾ?”

ಮಾಡಲಿಲ್ಲ. ಹೇಡಿತನಕ್ಕೆ ಯಾವ ಮಾಸವಾದರೇನು? ಅಲ್ಲಿಂದ ಯಾರೂ ಫೋನ್ ಮಾಡಲಿಲ್ಲ, ಅದೇ ಅವನಿಗೆ ಹೆಚ್ಚು ಹೆದರಿಕೆ.

ಕೊನೆಗೆ ಶ್ರಾವಣ ಬಂತು. ಮೊದಲ ಶುಕ್ರವಾರವೇ ಸುಬ್ರಹ್ಮಣ್ಯಪುರದಿಂದ ಜಯದೇವಿ ಎಂಬಾಕೆ ಮಗಳ ಮದುವೆಯ ಕಾರ್ಡಿಗೆಂದು ಬಂದು ಆಲ್ಬಮ್ ತಿರುವುತ್ತಾ ಕೂತರು. ದೊಡ್ಡ ಆರ್ಡರ್. ಗೌರೀಶಂಕರ ಕಾಫಿ ತರಿಸಿದ. ಕಾಫಿಯ ಹಿಂದೆಯೇ ವೆಂಕಟಾಚಲ ಬಂದರು. ಕೈಯಲ್ಲಿ ಅದೇ ಚೀಲ.

ಅವರಿಗೆ ಕಿವಿ ಸ್ವಲ್ಪ ಮಂದ. ಆದ್ದರಿಂದ ಇಡೀ ರಸ್ತೆಗೆ ಕೇಳುವಂತೆ ಮಾತಾಡುತ್ತಿದ್ದರು. “ನಮ್ಮನೆಯವಳ ವೈಕುಂಠ ಸಮಾರಾಧನೆ ಕಾರ್ಡು ಮಾಡ್ಕೊಟ್ಟೋರು ನೀವೇ ಅಲ್ವೇ?”

ಜಯದೇವಿಯವರ ಕೈ ಗಣಪತಿಯ ಮೇಲೆ ನಿಂತುಬಿಟ್ಟಿತು. ಹೊರಗೆ ಶಶಿಧರ್ ಅವರ ವಾಕಿಂಗೂ ನಿಂತಿತು. ಗೌರೀಶಂಕರನಿಗೆ ಅಂಗಡಿಯೊಳಗೆ ಮೊಮೊ ಬೇಯುವ ವಾಸನೆ ಬಂದಂತಾಯಿತು.

“ಹೌದು ಸಾರ್. ಅರಿಶಿನ... ಕೈ ತಪ್ಪಿ...”

“ನನ್ನ ಮಗ ಮಾಧವ ಕೂಗಾಡ್ದ. ವಾಪಸ್ ಕೊಡ್ತೀನಿ ಅಂದ. ನಾನೇ ಬೇಡ ಅಂದೆ. ಅರಿಶಿನ ಕುಂಕುಮ ಇಟ್ಕೊಂಡು ಹೋದೋಳು. ಅವಳ ಹೆಸರಿನ ಕಾರ್ಡಿಗೆ ಅರಿಶಿನ ಇರದೆ ಇನ್ನೇನಿರ್ಬೇಕು?” ಎಂದು ಕುರ್ಚಿ ಎಳೆದುಕೊಂಡು ಕೂತರು.

ಜಯದೇವಿಯವರು, “ಮುತ್ತೈದೆ ಸಾವು. ಪುಣ್ಯವಂತೆ,” ಎಂದು ಆಲ್ಬಮ್ಮಿನ ಹಾಳೆ ಮಗುಚಿದರು. “ಇದೇ ಗಣಪತಿ ಇರ್ಲಿ. ನಮ್ಮ ಕಾರ್ಡಿಗೂ ನೀವೇ ಅರಿಶಿನ ಹಚ್ಚಿಕೊಡಿ.” ಶಶಿಧರ್ ಮುಂದಕ್ಕೆ ನಡೆದರು.

ಜಯದೇವಿ ಮುಂಗಡ ಕೊಟ್ಟು ಹೋದ ಮೇಲೂ ವೆಂಕಟಾಚಲ ಕೂತೇ ಇದ್ದರು. “ಮೊಮ್ಮಗಳು ಸಮನ್ವಿತಾ ಮದುವೆ. ವರ್ಷದೊಳಗೆ ಶುಭಕಾರ್ಯ ಆಗ್ಬೇಕಲ್ಲ, ಶ್ರಾವಣದಲ್ಲೇ ಮಾಡ್ತಿದೀವಿ. ನಿಮ್ಮ ಚೀಲದಲ್ಲಿ ಬರ್ದಿತ್ತಲ್ಲ, ಅದಕ್ಕೇ ಬಂದೆ.”

ಗೌರೀಶಂಕರ ಕಂಪ್ಯೂಟರಿನ ಮುಂದೆ ಕೂತು ಅವರು ಹೇಳಿದಂತೆ ಟೈಪಿಸಿದ. ವಾಡಿಕೆಯಂತೆ ‘ದಿ|| ಶ್ರೀಮತಿ ಚೂಡಾಮಣಿ ಮತ್ತು ಶ್ರೀ ವೆಂಕಟಾಚಲ ಅವರ ಮೊಮ್ಮಗಳು’ ಎಂದು ಹಾಕಿದ. ವೆಂಕಟಾಚಲ ಪರದೆಗೆ ಮುಖ ಹತ್ತಿರ ತಂದು ನೋಡಿದರು. ಬಹಳ ಹೊತ್ತು ನೋಡಿದರು.

“ಆ ದಿ ತೆಗೀತೀರಾ?” ಈ ಸಲ ದನಿ ಪಕ್ಕದವರಿಗೂ ಕೇಳದಷ್ಟು ಸಣ್ಣದಾಗಿತ್ತು. “ಮಾಧವ ಕೇಳಿದ್ರೆ ಪ್ರಿಂಟಿಂಗ್ ಮಿಸ್ಟೇಕ್ ಅಂತೀನಿ. ಒಂದು ತಪ್ಪು ಚೆನ್ನಾಗಿ ಮಾಡ್ಕೊಟ್ರಿ. ಇನ್ನೊಂದು ಮಾಡ್ಕೊಡಿ.”

ಗೌರೀಶಂಕರ ‘ದಿ||’ ಅಳಿಸಿ, ಹಾಳೆ ತೆಗೆದು ಅವರ ಮುಂದಿಟ್ಟ. ಬೇರೇನೂ ತೋಚದೆ ಎಲ್ಲರಿಗೂ ಹೇಳುವುದನ್ನೇ ಹೇಳಿದ.

“ಪ್ರೂಫ್ ಸರಿಯಾಗಿ ನೋಡಿ ಸೈನ್ ಮಾಡಿ ಸಾರ್. ಆಮೇಲೆ ತಪ್ಪಿದ್ರೆ ನಾವು ಜವಾಬ್ದಾರಿ ಅಲ್ಲ.”

ವೆಂಕಟಾಚಲ ಹೆಂಡತಿಯ ಹೆಸರಿನ ಮೇಲೆ ಬೆರಳಿಟ್ಟು ಓದಿದರು.

“ಒಂದೂ ತಪ್ಪಿಲ್ಲ,” ಎಂದು ಸೈನ್ ಹಾಕಿದರು.