ನಿಂತ ಫ್ಯಾನಿನ ಬೇರಿಂಗು

ತಾಂಡೂರಿನಲ್ಲಿ ಸುಗಲಾಬಾಯಿಯ ಬೇಳೆ ಗಿರಣಿ. ಅಲ್ಲಿ ತೊಗರಿಯ ಹೊಟ್ಟು ಹಾರಿಸಲು ಎರಡು ದೊಡ್ಡ ಫ್ಯಾನುಗಳು ಒಂದೇ ಕಬ್ಬಿಣದ ಅಟ್ಟಣಿಗೆಯ ಮೇಲೆ ಅಕ್ಕಪಕ್ಕ ಕೂತಿದ್ದವು. ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನುಲ ಸಮ್ಮೆ, ಅಂದರೆ ಎಲ್ಲ ಜನರ ಮುಷ್ಕರ, ಶುರುವಾಗಿ, ಕಲ್ಲಿದ್ದಲ ಗಣಿಗಳೂ ನಿಂತು, ಕರೆಂಟು ಕೈಕೊಟ್ಟ ಮೇಲೆ ಗಿರಣಿ ಜನರೇಟರಿನ ಮೇಲೆ ನಡೆಯಿತು. ಎರಡು ಫ್ಯಾನು ಎಳೆಯುವ ತಾಕತ್ತು ಅದಕ್ಕಿರಲಿಲ್ಲ. ಒಂದು ವಾರ ಇದು, ಮುಂದಿನ ವಾರ ಅದು. ಅಲ್ಲಿಂದಲೇ ಕಾಟ ಹತ್ತಿತು. ನಿಂತಿದ್ದ ಫ್ಯಾನು ಹಚ್ಚಿದ ಸ್ವಲ್ಪ ದಿನಕ್ಕೇ ಅದರ ಬೇರಿಂಗು ಕಿರುಚಿ, ಕಾದು, ಒಡೆಯುತ್ತಿತ್ತು.

ಫಿಟ್ಟರ್ ಮನ್ಮಥಪ್ಪ ಹೊಸ ಬೇರಿಂಗು ಹಾಕಿದ, ಗ್ರೀಸು ಬದಲಿಸಿದ, ಅಂಗಡಿಯನ್ನೂ ಬದಲಿಸಿದ. ಕಡೆಗೆ ಸುಗಲಾಬಾಯಿ, "ನಕಲಿ ಮಾಲು ತರ್ಲಿಕತ್ತಿ ಏನು, ಮನ್ಮಥಪ್ಪ?" ಎಂದು ಕೇಳಿಯೇಬಿಟ್ಟಳು. ಆ ಮಧ್ಯಾಹ್ನ ಅವನು ರೊಟ್ಟಿಯ ಗಂಟು ಬಿಚ್ಚದೆ, ಒಡೆದ ಬೇರಿಂಗುಗಳನ್ನೆಲ್ಲ ಚೀಲದಲ್ಲಿ ಕಟ್ಟಿಟ್ಟ.

ಜಹೀರಾಬಾದಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದ ವರದಾಳನ್ನು ಸುಗಲಾಬಾಯಿ ಕರೆಸಿದಳು. ಬಸ್ಸಿಲ್ಲದ ದಿನಗಳು, ಆಕೆ ತರಕಾರಿ ಟೆಂಪೋದಲ್ಲಿ ಬಂದಿಳಿದಳು. ತನ್ನನ್ನು ಕಳ್ಳನೆಂದು ಹಿಡಿಯಲು ಬಂದವಳೆಂದುಕೊಂಡು ಮನ್ಮಥಪ್ಪ ದೂರವೇ ನಿಂತ. ವರದಾ ನೇರ ಅವನ ಹತ್ತಿರ ಹೋದಳು.

"ಕಾಕಾ, ದಿನಾ ಇದರ ಸಂಗಾಟ ಇರೋರು ನೀವು. ಮೊದಲು ಏನ್ ಕೇಳಸ್ತದ, ಹೇಳ್ರಿ."

ಅವನು ಹೇಳಿದ್ದೆಲ್ಲ ಕೇಳಿಸಿಕೊಂಡು, ಬೆಲ್ಟು ಬಿಗಿಯಾಯಿತೆಂದು ಸಡಿಲಿಸಿ, ಶಾಫ್ಟು ನೇರ ಮಾಡಿಸಿ ಹೋದಳು. ಮುಂದಿನ ಸರದಿಗೆ ಬೇರಿಂಗು ಮತ್ತೆ ಒಡೆಯಿತು.

ಮರಳಿ ಬಂದವಳು ಎಲ್ಲರ ಎದುರಿಗೇ ಸುಗಲಾಬಾಯಿಗೆ, "ಅಕ್ಕಾ, ನಾ ಹೇಳಿದ್ದು ತಪ್ಪಾತು. ಮೊದಲಿಂದ ನೋಡ್ತೀನಿ" ಎಂದಳು. ಇಷ್ಟು ವರ್ಷಗಳ ಚಾಕರಿಯಲ್ಲಿ ಹೀಗನ್ನುವ ಇಂಜಿನಿಯರನ್ನು ಮನ್ಮಥಪ್ಪ ಕಂಡಿರಲಿಲ್ಲ. ತಾನಾಗಿಯೇ ಹೋಗಿ ಒಡೆದ ಬೇರಿಂಗುಗಳನ್ನು ತಂದು ಆಕೆಯ ಮುಂದಿಟ್ಟ.

ಇಬ್ಬರೂ ಕೂತು ಅವನ್ನು ಸೀಮೆಎಣ್ಣೆಯಲ್ಲಿ ತೊಳೆದರು. ವರದಾ ಒಂದು ಬೇರಿಂಗಿನ ಹೊರಬಳೆಯನ್ನು ಬಿಸಿಲಿಗೆ ಹಿಡಿದಳು. ಅದರ ಒಳಮೈಯಲ್ಲಿ ಸಣ್ಣ ಕುಳಿಗಳ ಸಾಲು. ಕುಳಿಯಿಂದ ಕುಳಿಗೆ ಬೇರಿಂಗಿನ ಉಕ್ಕಿನ ಗುಂಡುಗಳ ನಡುವಿನಷ್ಟೇ ಅಂತರ.

"ತಿರುಗಿ ಸವದಿದ್ರ ಸುತ್ತ ಒಂದೇ ಸಮ ಸವೀತಿತ್ತು, ಕಾಕಾ. ಗುಂಡು ಕುಂತಲ್ಲೇ ಕುಂತು ತಿಂದದ. ಇದು ನಿಂತಾಗ ಕೆಟ್ಟದ."

"ನಿಂತಿದ್ದು ಹ್ಯಾಂಗ ಕೆಡ್ತದ್ರೀ?"

ಆಕೆ ನಿಂತ ಫ್ಯಾನಿನ ಮೇಲೆ ಒಂದು ಬಟ್ಟಲು ನೀರಿಟ್ಟಳು. ಪಕ್ಕದ ಫ್ಯಾನು ಓಡುತ್ತಿತ್ತು. ಅದರ ನಡುಕ ಅಟ್ಟಣಿಗೆಯ ಗುಂಟ ಹರಿದುಬಂದು, ಬಟ್ಟಲಿನ ನೀರು ಬಿಡುವಿಲ್ಲದೆ ಅದುರಿತು. ವಾರವಿಡೀ ಬೇರಿಂಗಿನ ಗುಂಡುಗಳೂ ಹೀಗೆಯೇ ಇದ್ದ ಜಾಗದಲ್ಲೇ ಅದುರಿ ಉಕ್ಕನ್ನು ಕೊರೆದಿದ್ದವು.

ಬಗ್ಗಿ ಬಟ್ಟಲು ನೋಡಿದ ಸುಗಲಾಬಾಯಿ ಅವನ ಹತ್ತಿರ ಬಂದಳು. "ನಾ ಆಡಿದ್ದು ಮನಸಿಗಿ ಹಚ್ಕೋಬ್ಯಾಡ, ಮನ್ಮಥಪ್ಪ."

"ಇರ್ಲಿ ಬಿಡ್ರಿ, ಬಾಯಿ" ಎಂದ ಅವನು, ವರದಾಳ ಕಡೆ ತಿರುಗಿ, "ಅಟ್ಟಣಿಗಿ ನಡುವ ಕೊಯ್ದು ಬ್ಯಾರೆ ಮಾಡಿದ್ರ ಹ್ಯಾಂಗ್ರಿ?" ಎಂದು ಕೇಳಿದ.

"ಅದೇ ಮಾಡೋಣ. ಕೆಳಗ ರಬ್ಬರ್ ಹಾಕೋಣ. ಫ್ಯಾನು ದಿನಾ ಬದಲಿ ಮಾಡ್ರಿ, ಗುಂಡು ಒಂದೇ ಕಡಿ ನಿಲ್ಲಬಾರದು."

ಹಾಗೇ ಮಾಡಿದರು. ಆದರೂ ವರದಾ ದಿನಾ ಸಂಜೆ ಮನ್ಮಥಪ್ಪನಿಗೆ ಫೋನು ಮಾಡಿ, ಸದ್ದು ಹೇಗಿದೆಯೆಂದು ಕೇಳುತ್ತಿದ್ದಳು. ಸಮ್ಮೆ ಮುಗಿದು ಹೊಸ ತೊಗರಿ ಬಂದರೂ ಬೇರಿಂಗು ಕಿರುಚಲಿಲ್ಲ.

ಸುದ್ದಿ ಕೇಳಿ ಧಾರೂರಿನ ಗಿರಣಿಯವರು ವರದಾಳನ್ನು ಕರೆದರು. ಮನ್ಮಥಪ್ಪ ಜತೆಗಿದ್ದರೆ ಬರುತ್ತೇನೆಂದಳು. ಹೋಗುವ ದಿನ ಅವನು ಒಗೆದ ಅಂಗಿ ತೊಟ್ಟು, ಬೆಳಿಗ್ಗೆಯೇ ಬಂದು ಸುಗಲಾಬಾಯಿಯ ಗಿರಣಿ ಬಾಗಿಲಲ್ಲಿ ಅವಳ ದಾರಿ ಕಾಯುತ್ತ ನಿಂತ.