ಒಗೆಯುವ ಕೋಣೆಯ ಯಜಮಾನ

ತತ್ವದ ವಿಚಾರ ಬರೆಯುವಷ್ಟು ನಾನು ಓದಿದವನಲ್ಲ. ಸಂಜೆ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದಷ್ಟೆ. ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು.

ಕುಬಿಚೆಕ್ ಆಗಲೇ ಜೇಬಿನಿಂದ ಕಾಗದ ತೆಗೆದಿದ್ದ. ಪಾದ್ರಿ ಬೇಡವೆಂದು ಅಲೋಯಿಸ್ ಬ್ರಾಂಟ್ನರ್ ಸಾಯುವ ಮೊದಲೇ ಹೇಳಿದ್ದರು. ಹಾಗಾಗಿ ವಿಯೆನ್ನಾದ ಆ ಸ್ಮಶಾನದಲ್ಲಿ ಮಾತಾಡುವ ಹೊಣೆ ಅವರ ಸಂಜೆ ತರಗತಿಯ ಈ ಗೆಳೆಯನ ಮೇಲೆ ಬಿದ್ದಿತ್ತು.

"ಮನುಷ್ಯ ಏನೇ ಮಾಡಲಿ, ಇನ್ನೊಬ್ಬನ ಮೇಲೆ ಅಧಿಕಾರ ಪಡೆಯುವುದಕ್ಕೇ ಮಾಡುತ್ತಾನೆ," ಎಂದು ಅವನು ಓದಿದ. "ನಮ್ಮ ಅಲೋಯಿಸ್ ನಂಬಿದ್ದು ಇದನ್ನೇ."

"ನಂಬಿದ್ದೇನು, ಮಾಡೇ ತೋರಿಸ್ದ," ಎಂದು ಮೂರನೇ ಮಹಡಿಯವಳು ಪಿಸುಗುಟ್ಟಿದಳು. ಬ್ರಾಂಟ್ನರ್ ಅವಳಿದ್ದ ಕಟ್ಟಡದ ಮೇಲ್ವಿಚಾರಕರಾಗಿದ್ದರು; ಮನೆಗಳವರೆಲ್ಲ ಸರದಿಯಲ್ಲಿ ಬಟ್ಟೆ ಒಗೆಯುವ ಕೋಣೆಯ ಬೀಗದ ಕೈ ಅವರ ಬಳಿಯೇ ಇರುತ್ತಿತ್ತು. "ಒಗೆಯೋ ಕೋಣೆ ಬೀಗದ ಕೈ ಕೊಡೋವಾಗ ಚಕ್ರವರ್ತಿ ಥರ ನಿಲ್ತಿದ್ದ. ಹತ್ತು ನಿಮಿಷ ತಡ ಆದ್ರೆ ಸರದಿ ಮುಂದಿನ ವಾರಕ್ಕೆ."

ಬ್ರಾಂಟ್ನರ್ ಅವರ ಮಗಳು ಹೆಡ್ವಿಗ್‌ಗೆ ಅದು ಕೇಳಿಸಿತು. ತಲೆ ತಗ್ಗಿಸಿದಳು.

ಅದೇ ಕಟ್ಟಡದ ಮುದುಕಿ ಲುಡ್ಮಿಲಾ ಸಾಲು ಬಿಟ್ಟು ಮುಂದೆ ಬಂದಳು. "ನಿಲ್ಸಿ ಕುಬಿಚೆಕ್. ಹೆಡ್ವಿಗ್, ನಾನೊಂದು ಮಾತು ಹೇಳ್ಬೇಕು. ನಿಮ್ಮಪ್ಪ ಹೇಳ್ಬೇಡಿ ಅಂದಿದ್ದ ಮಾತು."

*

ಲುಡ್ಮಿಲಾಳ ಗಂಡ ಮೂರು ವರ್ಷ ಹಾಸಿಗೆ ಹಿಡಿದಿದ್ದ. ಹೇಸಿಗೆಯಾದ ಅವನ ಹೊದಿಕೆಗಳನ್ನು ಬ್ರಾಂಟ್ನರ್ ತಮ್ಮ ಸರದಿಯ ಗುರುವಾರ ಕುದಿಸಿ, ಒಗೆದು, ಮಡಿಸಿ ಅವಳ ಬಾಗಿಲಲ್ಲಿಡುತ್ತಿದ್ದರು. ಒಮ್ಮೆ ಅವಳು ಏನೋ ಹೇಳಲು ಬಾಯಿ ತೆರೆದಳು.

"ಉಪಕಾರ ಅನ್ಬೇಡಿ," ಎಂದರು, ಕಿವಿ ಕೆಂಪಾಗಿ. "ಅಂದ್ರೆ ನಾನು ನಿಮಗಿಂತ ಮೇಲೇರಿದ ಹಾಗೆ. ನನಗೆ ಆ ಚಟ ಇದೆ. ಅಂದ ದಿನವೇ ಒಗೆಯೋದು ನಿಲ್ಲಿಸ್ತೀನಿ."

ಅವಳು ಅನ್ನಲಿಲ್ಲ. ಗಂಡ ಸತ್ತ ಮೇಲೂ ಅನ್ನಲಿಲ್ಲ.

*

"ಅಪ್ಪ ನಮ್ಮ ಬಟ್ಟೆ ಅಡುಗೆಮನೆ ಬಕೆಟ್ಟಲ್ಲಿ ಒಗೀತಿದ್ದದ್ದು ಇದಕ್ಕೇನಾ?" ಎಂದಳು ಹೆಡ್ವಿಗ್.

ಕುಬಿಚೆಕ್ ಕಾಗದ ತಟ್ಟಿದ. "ನೋಡಿ, ಇಷ್ಟು ವರ್ಷ ಈಕೆ ಬಾಯಿ ಕಟ್ಟಿಸಿದ. ಅದಕ್ಕಿಂತ ದೊಡ್ಡ ಅಧಿಕಾರ ಉಂಟಾ? ಇದ್ರಲ್ಲಿ ಒಂದಕ್ಷರ ತಿದ್ದಬೇಕಿಲ್ಲ."

"ಇರಬಹುದು, ನೀವು ಓದಿದೋರು," ಎಂದಳು ಲುಡ್ಮಿಲಾ. "ನಿಮ್ಮ ಬಾಯನ್ನೂ ಸ್ವಲ್ಪ ಕಟ್ಟಿಸಿ ಹೋಗಿದ್ರೆ ಚೆನ್ನಾಗಿತ್ತು."

ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿದರು. ಹೆಡ್ವಿಗ್ ಅಪ್ಪನನ್ನು ಇಳಿಸಿದ ಗುಂಡಿಯನ್ನೇ ನೋಡುತ್ತಿದ್ದಳು.

"ಹೇಳಿ," ಎಂದಳು ಕೊನೆಗೆ. "ಜೋರಾಗೇ ಹೇಳಿ."

"ಉಪಕಾರ ಆಯ್ತು, ಬ್ರಾಂಟ್ನರ್ ಅವರೇ," ಎಂದಳು ಲುಡ್ಮಿಲಾ.

ತಲಾ ಒಂದು ಸಣ್ಣ ಸಲಿಕೆ ಮಣ್ಣು ಹಾಕುವುದು ಅಲ್ಲಿಯ ವಾಡಿಕೆ. ಲುಡ್ಮಿಲಾ ಒಂದು ಹಾಕಿದಳು. ಮತ್ತೆ "ಉಪಕಾರ ಆಯ್ತು" ಎಂದು ಇನ್ನೊಂದು ಹಾಕಿದಳು. ಆಮೇಲೆ ಇನ್ನೊಂದು. ಇಡೀ ಕಟ್ಟಡ ಟೋಪಿ ತೆಗೆದು ಸಾಲಿನಲ್ಲಿ ಕಾಯುತ್ತಿತ್ತು. ಸಲಿಕೆ ಕೊಡಿ ಎಂದು ಯಾರೂ ಕೇಳಲಿಲ್ಲ.

ಬ್ರಾಂಟ್ನರ್, ಲುಡ್ಮಿಲಾ ಇಬ್ಬರಲ್ಲಿ ಆ ದಿನ ಮೇಲಾದವರು ಯಾರೋ, ನನಗೆ ಈಗಲೂ ತಿಳಿದಿಲ್ಲ.